ಒಂದೇ ಒಲೆ, ಎರಡು ತಟ್ಟೆ: ಪೊಟ್ಯಾಸಿಯಂ ಇರುವ ಊಟ ನಮ್ಮ ಕಡೆಯ ಅಡುಗೆಯಲ್ಲಿ

ನಮ್ಮ ಯಜಮಾನರಿಗೆ ಬಿಪಿ. ಉಪ್ಪು ಕಡಿಮೆ ಮಾಡಿ, ಸೊಪ್ಪು, ಕಾಳು, ಹಣ್ಣು ಜಾಸ್ತಿ ತಿನ್ನಿ, ಪೊಟ್ಯಾಸಿಯಂ ಸಿಗಬೇಕು ಅಂತ ಡಾಕ್ಟರು ಹೇಳಿದ್ದಾರೆ. ಅದೇ ಮನೆಯಲ್ಲಿ ಅತ್ತೆಗೆ ಕಿಡ್ನಿ ತೊಂದರೆ. ಅವರಿಗೆ ಪೊಟ್ಯಾಸಿಯಂ ಕಡಿಮೆ ಇರಬೇಕು. ಒಲೆ ಒಂದೇ, ಅಡುಗೆ ಮಾಡುವವಳು ನಾನೊಬ್ಬಳೇ. ಎರಡು ಅಡುಗೆ ಬೇರೆ ಬೇರೆ ಮಾಡುತ್ತಾ ಕೂತರೆ ಬೆಳಗಾಗೋದು, ಬೈಗಾಗೋದು ಅಡುಗೆಮನೆಯಲ್ಲೇ. ಹಾಗಾಗಿ ಒಂದೇ ಪಾತ್ರೆಯಿಂದ ಇಬ್ಬರಿಗೂ ಬಡಿಸುವ ದಾರಿ ಹುಡುಕಿಕೊಂಡಿದ್ದೇನೆ. ದಾವಣಗೆರೆ, ಚಿತ್ರದುರ್ಗದ ಕಡೆ ಇಂಥ ಮನೆಗಳು ಬಹಳ ಇವೆ. ಅವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಪೊಟ್ಯಾಸಿಯಂ ಜಾಸ್ತಿ ಮಾಡುವ ಮೊದಲು ನಿಮ್ಮ ಕಿಡ್ನಿ ಹೇಗಿದೆ ಅಂತ ಗೊತ್ತಿರಬೇಕು. ಮೈಗೆ ಬೇಕಾದ್ದಕ್ಕಿಂತ ಹೆಚ್ಚಾದ ಪೊಟ್ಯಾಸಿಯಂ ಅನ್ನು ಹೊರಗೆ ಹಾಕುವುದು ಮುಖ್ಯವಾಗಿ ಕಿಡ್ನಿಯೇ. ಅದು ಸರಿಯಿದ್ದರೆ ಸೊಪ್ಪು, ಕಾಳು ತಿಂದು ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಅದು ಸೋತಿದ್ದರೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಎದೆಬಡಿತವನ್ನೇ ಕೆಡಿಸಬಹುದು. ಬಿಪಿ ಮಾತ್ರೆಗಳಲ್ಲೂ ಎರಡು ಥರ ಇವೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಲಾಪ್ರಿಲ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಇವು ರಕ್ತದಲ್ಲಿ ಪೊಟ್ಯಾಸಿಯಂ ಅನ್ನು ಏರಿಸುವ ಕಡೆಯವು. ಮೂತ್ರ ಜಾಸ್ತಿ ಹೋಗಿಸುವ ಫ್ಯೂರೊಸೆಮೈಡ್, ಹೈಡ್ರೊಕ್ಲೋರೊಥಯಜೈಡ್, ಕ್ಲೋರ್ತಾಲಿಡೋನ್ ಇಳಿಸುವ ಕಡೆಯವು. ಯಜಮಾನರು ನುಂಗುವುದು ಟೆಲ್ಮಿಸಾರ್ಟನ್. ಅದಕ್ಕೇ ಡಾಕ್ಟರು ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಕಿಡ್ನಿ ಚೆನ್ನಾಗಿದೆ ಅಂತ ಖಾತ್ರಿಯಾದ ಮೇಲೆ ಊಟದ ಮಾತು ತೆಗೆದರು. ನೀವೂ ಹಾಗೇ ಮಾಡಿ. ಸಕ್ಕರೆ ಕಾಯಿಲೆ ಇರುವವರಂತೂ ಇದನ್ನು ಬಿಡಲೇಬಾರದು, ಅವರಲ್ಲಿ ಕಿಡ್ನಿ ಸದ್ದಿಲ್ಲದೆ ಸೋಲುತ್ತಾ ಬರುತ್ತದೆ.

ಎಷ್ಟು ಬೇಕು, ಯಾಕೆ ಬೇಕು

ಪೊಟ್ಯಾಸಿಯಂ ಒಂದು ಖನಿಜ. ನಮ್ಮ ಮೈಯಲ್ಲಿರುವುದರಲ್ಲಿ ಹೆಚ್ಚುಕಡಿಮೆ ಶೇ 98ರಷ್ಟು ಜೀವಕೋಶಗಳ ಒಳಗೇ ಇರುತ್ತದೆ. ಸೋಡಿಯಂ ಜಾಸ್ತಿ ಇರುವುದು ಹೊರಗೆ. ಒಳಗೂ ಹೊರಗೂ ಇರುವ ಈ ವ್ಯತ್ಯಾಸದಿಂದಲೇ ನರ ಕೆಲಸ ಮಾಡುತ್ತದೆ, ಸ್ನಾಯು ಬಿಗಿಯುತ್ತದೆ, ಹೃದಯ ತಾಳ ತಪ್ಪದೆ ಬಡಿಯುತ್ತದೆ. ಊಟದಲ್ಲಿ ಪೊಟ್ಯಾಸಿಯಂ ಚೆನ್ನಾಗಿದ್ದರೆ ಕಿಡ್ನಿ ಸೋಡಿಯಂ ಅನ್ನು ಹೆಚ್ಚು ಹೊರಗೆ ಕಳಿಸುತ್ತದೆ, ರಕ್ತನಾಳದ ಬಿಗಿಯೂ ಸಡಿಲವಾಗುತ್ತದೆ. ಬಿಪಿಗೆ ಒಳ್ಳೆಯದು ಅನ್ನುವುದು ಈ ಕಾರಣಕ್ಕೆ.

ದೊಡ್ಡವರಿಗೆ ದಿನಕ್ಕೆ ಸುಮಾರು 3,500 ಮಿಲಿಗ್ರಾಂ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೇಳಿದ್ದು ಕನಿಷ್ಠ 3,510. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕವೂ 3,500. ಇದರ ಜೊತೆ ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು. ಅಂದರೆ ಒಂದು ಟೀ ಚಮಚಕ್ಕೂ ಸ್ವಲ್ಪ ಕಮ್ಮಿ. ಸಾರು, ಪಲ್ಯ, ಚಟ್ನಿ, ಮಜ್ಜಿಗೆ ಎಲ್ಲದರದ್ದೂ ಸೇರಿ ಇಷ್ಟು.

ಬಾಳೆಹಣ್ಣೊಂದೇ ಅಲ್ಲ

ಪೊಟ್ಯಾಸಿಯಂ ಅಂದ ಕೂಡಲೇ ಎಲ್ಲರೂ ಬಾಳೆಹಣ್ಣು ಅನ್ನುತ್ತಾರೆ. ಬಾಳೆಹಣ್ಣಲ್ಲಿ ಇದೆ, ಇಲ್ಲ ಅನ್ನುತ್ತಿಲ್ಲ. 100 ಗ್ರಾಂ ತಿರುಳಿಗೆ 350 ಮಿಲಿಗ್ರಾಂ ಚಿಲ್ಲರೆ. ಆದರೆ ನಮ್ಮ ಪುಟ್ಟಬಾಳೆ ಸಣ್ಣದು, ಎರಡು ತಿಂದರೆ ಆ ಲೆಕ್ಕಕ್ಕೆ ಬರುತ್ತದೆ. ಬರೀ ಬಾಳೆಹಣ್ಣಿನಿಂದಲೇ 3,500 ಮುಟ್ಟಬೇಕು ಅಂದರೆ ದಿನಕ್ಕೆ ಇಪ್ಪತ್ತು ಪುಟ್ಟಬಾಳೆ ತಿನ್ನಬೇಕಾಗುತ್ತದೆ. ಅದು ಆಗುವ ಮಾತಲ್ಲ.

ನಿಜವಾದ ಗಟ್ಟಿ ಸಾಮಾನು ಇರುವುದು ನಮ್ಮ ಕಾಳಿನ ಡಬ್ಬಿಗಳಲ್ಲಿ. ಒಣ ತೊಗರಿಬೇಳೆ 100 ಗ್ರಾಂನಲ್ಲಿ ಸುಮಾರು 1,300 ಮಿಲಿಗ್ರಾಂ ಇರುತ್ತದೆ. ಹೆಸರುಕಾಳು, ಅವರೆಕಾಳು 1,200ರ ಆಸುಪಾಸು. ಹುರುಳಿ, ಅಲಸಂದೆ ಸಾವಿರ ದಾಟುತ್ತವೆ. ನಾವು ಒಂದು ಹೊತ್ತಿಗೆ ತಿನ್ನುವುದು 30, 40 ಗ್ರಾಂ ಒಣಕಾಳು ಅಷ್ಟೇ. ಆದರೂ ಒಂದು ಹೊತ್ತಿನ ಹುರುಳಿ ಸಾರಿನಿಂದ 400 ಮಿಲಿಗ್ರಾಂ ಬಂದುಬಿಡುತ್ತದೆ. ಎರಡು ಪುಟ್ಟಬಾಳೆಗಿಂತ ಜಾಸ್ತಿ. ಚಳ್ಳಕೆರೆ ಕಡೆಯ ಶೇಂಗಾ ನಮಗೆ ಹೊಸದಲ್ಲ. ಅದರಲ್ಲಿ 100 ಗ್ರಾಂಗೆ 700 ಇದೆ. ಎಣ್ಣೆ ಅಂಶ ಜಾಸ್ತಿ ಆದ್ದರಿಂದ ದಿನಕ್ಕೊಂದು ಹಿಡಿ ಸಾಕು, ಅಷ್ಟಕ್ಕೇ 200 ಸಿಗುತ್ತದೆ. ಉಪ್ಪು ಹಾಕಿ ಹುರಿದದ್ದು ಬೇಡ. ಬೇಯಿಸಿದ್ದೋ, ಸುಮ್ನೆ ಹುರಿದದ್ದೋ ತಿನ್ನಿ.

ಆಮೇಲೆ ಸೊಪ್ಪು. ದಂಟಿನ ಸೊಪ್ಪು, ಪಾಲಕ್ 100 ಗ್ರಾಂಗೆ 550ರಿಂದ 600. ನುಗ್ಗೆಸೊಪ್ಪಿನಲ್ಲಿ 350ರ ಮೇಲೆ. ನನ್ನ ತವರು ಚಿತ್ರದುರ್ಗದ ಕಡೆ. ಅಲ್ಲಿ ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಏಳುವ ಅಣ್ಣೆ ಸೊಪ್ಪು, ಇನ್ನೂ ಏನೇನೋ ಸೇರಿಸಿ ಬೆರಕೆ ಸೊಪ್ಪು ಅಂತ ಕಿತ್ತು ತರುತ್ತಾರೆ. ಈಗಲೂ ನನಗೆ ಅದಕ್ಕಿಂತ ರುಚಿಯಾದ ಸಾರು ಇಲ್ಲ. ಪೇಟೆಯಲ್ಲಿ ಒಂದೇ ಥರದ ಕಟ್ಟು ತಂದು ತಂದು ಬೇಜಾರಾಗಿದ್ದರೆ ಹಳ್ಳಿಯಿಂದ ಬರುವ ಅಜ್ಜಿಯರ ಹತ್ತಿರ ಕೇಳಿ ನೋಡಿ, ಅವರ ಗೋಣಿಚೀಲದ ಅಡಿಯಲ್ಲಿ ಬೆರಕೆ ಸೊಪ್ಪು ಇರುತ್ತದೆ.

ಮುದ್ದೆ, ರೊಟ್ಟಿಯನ್ನೂ ಮರೆಯಬೇಡಿ. ರಾಗಿಯಲ್ಲಿ 100 ಗ್ರಾಂಗೆ 440ರಷ್ಟು, ಜೋಳದಲ್ಲಿ 330ರಷ್ಟು ಇದ್ದರೆ ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 110 ಮಾತ್ರ. ಭದ್ರಾ ನಾಲೆಯ ನೀರು ಬಂದು ದಾವಣಗೆರೆ, ಹರಿಹರದ ಸುತ್ತ ಭತ್ತ ಹೆಚ್ಚಾಯಿತು, ಮನೆಗಳಲ್ಲಿ ಅನ್ನವೂ ಹೆಚ್ಚಾಯಿತು. ಮೂರು ಹೊತ್ತೂ ಅನ್ನ ತಿನ್ನುವವರು ಒಂದು ಹೊತ್ತು ಮುದ್ದೆಗೆ ಬಂದರೂ ಲೆಕ್ಕ ಬದಲಾಗುತ್ತದೆ.

ತರಕಾರಿಯಲ್ಲಿ ಆಲೂಗಡ್ಡೆ, ನುಗ್ಗೆಕಾಯಿ, ಬಾಳೆಕಾಯಿ 400, 500ರ ಗುಂಪಿನವು. ಗೆಣಸು, ಸಿಹಿಕುಂಬಳ, ಬೀಟ್‌ರೂಟ್ 300ರ ಮೇಲೆ. ಬದನೆ, ಟೊಮೆಟೊ 230ರ ಹತ್ತಿರ. ಹಣ್ಣಿನಲ್ಲಿ ಸೀಬೆ 400 ದಾಟುತ್ತದೆ, ಹಲಸಿನ ತೊಳೆಯೂ ಅಷ್ಟೇ. ಹಿರಿಯೂರು, ಹೊಸದುರ್ಗದ ಕಡೆ ಬೆಳೆಯುವ ದಾಳಿಂಬೆಯಲ್ಲಿ 230. ಖರ್ಜೂರ, ಒಣದ್ರಾಕ್ಷಿಯಲ್ಲಿ 650, 750 ಇದ್ದರೂ ಸಕ್ಕರೆ ಬಹಳ, ನಾಲ್ಕು ಬಾಯಿಗೆ ಹಾಕಿಕೊಂಡು ಡಬ್ಬಿ ಮುಚ್ಚಿಡಿ. ಎಳನೀರು 100 ಮಿಲಿಗೆ ಸುಮಾರು 250. ಒಂದು ದೊಡ್ಡ ಎಳನೀರು ಕುಡಿದರೆ 600, 700 ಒಂದೇ ಸಲಕ್ಕೆ ಹೊಟ್ಟೆಗೆ ಹೋಗುತ್ತದೆ. ಬಿಸಿಲಲ್ಲಿ ಬೆವೆತು ಬಂದವರಿಗೆ ಇದಕ್ಕಿಂತ ಒಳ್ಳೆಯದು ಯಾವುದಿದೆ? ಆದರೆ ಕಿಡ್ನಿ ತೊಂದರೆ ಇರುವವರಿಗೆ ಇದೇ ಬಹಳ ಅಪಾಯ. ಅತ್ತೆ ಆಗಾಗ ಕೇಳುತ್ತಾರೆ, "ಯಾಕವ್ವ, ಎಳನೀರು ಕುಡಿದ್ರೆ ಏನಾಗ್ತೈತಿ? ಅದು ನೀರಲ್ಲೇನು?" ಅಂತ. ಅದು ನೀರಲ್ಲ ಅತ್ತೆ, ನಿಮಗೆ ಅದು ಬೇಡ ಅಂತ ಪ್ರತಿ ಸಲವೂ ಸಮಾಧಾನವಾಗಿ ಹೇಳುತ್ತೇನೆ. ವಯಸ್ಸಾದವರಿಗೆ ಇಷ್ಟವಾದದ್ದನ್ನು ಬೇಡ ಅನ್ನುವಾಗ ಸಿಡುಕಬಾರದು.

ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪೊಟ್ಯಾಸಿಯಂ ಬೆಂಕಿಗೆ ಸಾಯುವುದಿಲ್ಲ, ನೀರಿಗೆ ಇಳಿಯುತ್ತದೆ. ತರಕಾರಿ ಬೇಯಿಸಿದ ನೀರನ್ನು ಚೆಲ್ಲಿದರೆ ಅದರ ಜೊತೆ ಪೊಟ್ಯಾಸಿಯಂ ಕೂಡ ಬಚ್ಚಲಿಗೆ ಹೋಯಿತು. ನೀರನ್ನು ಸಾರಿಗೆ ಬಳಸಿದರೆ ತಟ್ಟೆಗೆ ಬಂತು. ಹಬೆಯಲ್ಲಿ ಬೇಯಿಸಿದರೆ, ಸುಟ್ಟರೆ, ಹುರಿದರೆ, ಕುಕ್ಕರಿನಲ್ಲಿ ಸ್ವಲ್ಪವೇ ನೀರಿಟ್ಟು ಬೇಯಿಸಿ ಆ ನೀರನ್ನೂ ಬಳಸಿದರೆ ಎಲ್ಲಾ ಉಳಿಯುತ್ತದೆ.

ಇದು ಗೊತ್ತಾದ ಮೇಲೆ ನಮ್ಮ ಬಸ್ಸಾರು ನನಗೆ ಬೇರೆಯದೇ ಅಡುಗೆಯಾಗಿ ಕಾಣತೊಡಗಿತು. ಬಸ್ಸಾರಿನಲ್ಲಿ ನಾವು ಮಾಡುವುದೇ ಅದಲ್ವಾ? ಕಾಳು, ಸೊಪ್ಪು ಬೇಯಿಸುತ್ತೇವೆ, ಕಟ್ಟು ಬಸಿಯುತ್ತೇವೆ, ಕಟ್ಟಿನಲ್ಲಿ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ. ಕಟ್ಟಿಗೆ ಇಳಿದ ಪೊಟ್ಯಾಸಿಯಂ ಸಾರಿನ ಪಾಲಾಗುತ್ತದೆ. ಪಲ್ಯದಲ್ಲಿ ಮೊದಲಿಗಿಂತ ಕಡಿಮೆ ಉಳಿಯುತ್ತದೆ. ಸಾರು ಯಜಮಾನರಿಗೆ, ಪಲ್ಯ ಅಳತೆಯಲ್ಲಿ ಅತ್ತೆಗೆ.

ನಾನು ಮಾಡುವ ಕ್ರಮ ಹೇಳುತ್ತೇನೆ. ಒಂದು ಲೋಟ ಹೆಸರುಕಾಳನ್ನು ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ನೆನೆಸಿದ ನೀರು ಚೆಲ್ಲಿ, ದೊಡ್ಡ ಪಾತ್ರೆಯಲ್ಲಿ ನೀರು ಜಾಸ್ತಿ ಇಟ್ಟು ಕುದಿಯಲು ಬಿಡಿ. ಕುಕ್ಕರ್ ಬೇಡ, ತೆರೆದ ಪಾತ್ರೆಯಲ್ಲೇ ಆಗಲಿ. ಕಾಳು ಮುಕ್ಕಾಲು ಬೆಂದಾಗ ಸಣ್ಣಗೆ ಹೆಚ್ಚಿದ ದಂಟಿನ ಸೊಪ್ಪು ಹಾಕಿ. ಹೆಚ್ಚಿದಷ್ಟೂ ಸಣ್ಣಗೆ, ಇಳಿಯುವುದು ಅಷ್ಟು ಜಾಸ್ತಿ. ಉಪ್ಪು ಈಗ ಹಾಕಬೇಡಿ. ಬೆಂದ ಮೇಲೆ ಚೆನ್ನಾಗಿ ಬಸಿಯಿರಿ. ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ, ಒಂದು ಹಿಡಿ ಬೆಂದ ಕಾಳು, ಸ್ವಲ್ಪ ತೆಂಗಿನಕಾಯಿ, ಹುಣಸೆಹಣ್ಣು ರುಬ್ಬಿ ಹಾಕಿ ಕುದಿಸಿ. ಖಾರ, ಹುಳಿ, ಬೆಳ್ಳುಳ್ಳಿ ಹದವಾಗಿದ್ದರೆ ಉಪ್ಪು ಅರ್ಧಕ್ಕೆ ಇಳಿಸಿದರೂ ಗೊತ್ತಾಗುವುದಿಲ್ಲ. ಅತ್ತೆಯ ಪಾಲಿನ ಪಲ್ಯಕ್ಕೆ ಒಗ್ಗರಣೆ ಕೊಡುವ ಮೊದಲು ಇನ್ನೊಂದು ಸಲ ಬಿಸಿನೀರಿನಲ್ಲಿ ಐದು ನಿಮಿಷ ಕುದಿಸಿ, ಆ ನೀರು ಚೆಲ್ಲಿಬಿಡಿ. ರುಚಿ ಸ್ವಲ್ಪ ತೆಳುವಾಗುತ್ತದೆ, ನಿಜ. ಸಾಸಿವೆ, ಕರಿಬೇವು, ಬೆಳ್ಳುಳ್ಳಿಯ ಒಗ್ಗರಣೆ ಜೋರಾಗಿ ಕೊಡಿ, ಕೊನೆಗೆ ನಿಂಬೆಹಣ್ಣು ನಾಲ್ಕು ಹನಿ ಹಿಂಡಿ.

ಆಲೂಗಡ್ಡೆಗೂ ಇದೇ ಉಪಾಯ. ಸಿಪ್ಪೆ ತೆಗೆದು ಸಣ್ಣ ತುಂಡು ಮಾಡಿ ಧಾರಾಳ ನೀರಿನಲ್ಲಿ ಬೇಯಿಸಿ ಬಸಿದರೆ ಹೆಚ್ಚುಕಡಿಮೆ ಅರ್ಧ ಪೊಟ್ಯಾಸಿಯಂ ಹೋಗುತ್ತದೆ. ತುರಿದು ಬೇಯಿಸಿದರೆ ಮುಕ್ಕಾಲು ಪಾಲು ಹೋಗುತ್ತದೆ. ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿಟ್ಟರೆ ಸಾಕು ಅಂತ ಬಹಳ ಜನ ನಂಬಿದ್ದಾರೆ. ಆಲೂಗಡ್ಡೆಯಲ್ಲಿ ಬರೀ ನೆನೆಸುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ, ಕುದಿಸಬೇಕು. ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿದರೆ ಒಳಗಿನದು ಒಳಗೇ ಇರುತ್ತದೆ. ಯಜಮಾನರಿಗೆ ಹಾಗೇ ಬೇಯಿಸುತ್ತೇನೆ.

ಎಷ್ಟು ಬಸಿದರೂ ಪೂರ್ತಿ ಹೋಗುವುದಿಲ್ಲ ಅನ್ನುವುದು ತಲೆಯಲ್ಲಿರಲಿ. ಅತ್ತೆಗೆ ಕಾಳಿನ ಪಲ್ಯ ಎಷ್ಟು ಅನ್ನುವುದನ್ನು ಅವರ ರಿಪೋರ್ಟ್ ನೋಡಿ ಆಸ್ಪತ್ರೆಯ ಆಹಾರ ತಜ್ಞರು ಹೇಳಿದ್ದಾರೆ, ನಾನು ಅದೇ ಬಟ್ಟಲಲ್ಲಿ ಅಳೆದು ಬಡಿಸುತ್ತೇನೆ. ಮಿಕ್ಕ ದಿನ ಅವರಿಗೆ ಹೀರೇಕಾಯಿ, ಸೋರೆಕಾಯಿ, ಎಲೆಕೋಸು, ಸೌತೆ. ಹಣ್ಣಿನಲ್ಲಿ ಸೇಬಿನ ಹೋಳು, ಅನಾನಸ್. ಕಮರಾಕ್ಷಿ ಹಣ್ಣಂತೂ ಕಿಡ್ನಿ ತೊಂದರೆ ಇರುವವರ ಹತ್ತಿರವೂ ಸುಳಿಯಬಾರದು. ಅದರಲ್ಲಿ ಪೊಟ್ಯಾಸಿಯಂ ಅಷ್ಟೇ ಅಲ್ಲ, ಮೆದುಳಿಗೆ ಪೆಟ್ಟು ಕೊಡುವ ವಿಷವೂ ಇದೆ. ಸೋತ ಕಿಡ್ನಿಗೆ ಅದನ್ನು ಹೊರಗೆ ಹಾಕಲು ಆಗುವುದಿಲ್ಲ.

ಯಜಮಾನರ ಒಂದು ದಿನದ ಊಟ

ಬೆಳಿಗ್ಗೆ ಎರಡು ಜೋಳದ ರೊಟ್ಟಿ, ಹೆಸರುಕಾಳು ಪಲ್ಯ. ಅಲ್ಲಿಗೇ 700. ಹತ್ತು ಗಂಟೆಗೆ ಎರಡು ಪುಟ್ಟಬಾಳೆಯೋ ಒಂದು ಸೀಬೆಯೋ, 350. ಮಧ್ಯಾಹ್ನ ಮುದ್ದೆ, ಸೊಪ್ಪು ಹಾಕಿದ ಹುರುಳಿ ಸಾರು, ಜೊತೆಗೆ ಹಸಿ ಈರುಳ್ಳಿ, ಟೊಮೆಟೊ, ಒಂದು ಲೋಟ ಉಪ್ಪಿಲ್ಲದ ಮಜ್ಜಿಗೆ. ಇದೇ ದೊಡ್ಡ ಪಾಲು, 1,500ಕ್ಕೆ ಸ್ವಲ್ಪ ಹೆಚ್ಚುಕಡಿಮೆ. ಸಂಜೆ ಒಂದು ಹಿಡಿ ಸುಮ್ನೆ ಹುರಿದ ಶೇಂಗಾ, 200. ರಾತ್ರಿ ಸ್ವಲ್ಪ ಅನ್ನ, ತೊಗರಿಬೇಳೆ ಸಾರು, ಬದನೆಕಾಯಿ ಪಲ್ಯ, 700ರಷ್ಟು. ದಿನದ ಕಾಫಿ, ಟೀ ಹಾಲಿನಿಂದ ಇನ್ನೊಂದು 200. ಕೂಡಿಸಿ ನೋಡಿ, 3,500 ದಾಟುತ್ತದೆ. ಹೊರಗಿನಿಂದ ತಂದ ದುಬಾರಿ ಹಣ್ಣು ಒಂದೂ ಇಲ್ಲ. ಅಳತೆಗಳೆಲ್ಲ ಅಂದಾಜಿನವು, ಗ್ರಾಂ ಲೆಕ್ಕ ಹಿಡಿದು ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಮಂಡಕ್ಕಿ. ದಾವಣಗೆರೆಯಲ್ಲಿದ್ದು ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಿಡು ಅಂದರೆ ಯಾರು ಕೇಳುತ್ತಾರೆ? ನಾನೂ ಬಿಡು ಅನ್ನುವುದಿಲ್ಲ. ಆದರೆ ಭಟ್ಟಿಯಲ್ಲಿ ಅಕ್ಕಿಗೆ ಉಪ್ಪು ಹಿಡಿಸಿಯೇ ಹುರಿಯುತ್ತಾರೆ. ಮೆಣಸಿನಕಾಯಿಯ ಹಿಟ್ಟಿನಲ್ಲೂ ಉಪ್ಪಿದೆ. ಮಂಡಕ್ಕಿಯಲ್ಲಿ ಪೊಟ್ಯಾಸಿಯಂ ಮಾತ್ರ ಬಹಳ ಕಡಿಮೆ. ಹಾಗಾಗಿ ಮನೆಯಲ್ಲಿ ಮಂಡಕ್ಕಿ ಕಲಸುವಾಗ ಮತ್ತೆ ಉಪ್ಪು ಹಾಕಬೇಡಿ. ಮಂಡಕ್ಕಿ ಅರ್ಧ ಇರಲಿ, ಉಳಿದರ್ಧ ಶೇಂಗಾ, ಮೊಳಕೆ ಹೆಸರುಕಾಳು, ಟೊಮೆಟೊ, ಈರುಳ್ಳಿ, ಕೈತುಂಬಾ ಕೊತ್ತಂಬರಿ ಸೊಪ್ಪು. ನಿಂಬೆಹಣ್ಣು ಹಿಂಡಿ ಕೊಟ್ಟರೆ ಮಕ್ಕಳೂ ತಿನ್ನುತ್ತಾರೆ. ಬೆಣ್ಣೆ ದೋಸೆಯಲ್ಲಿ ಆಲೂಗಡ್ಡೆ ಪಲ್ಯ ಇದೆ, ಪೊಟ್ಯಾಸಿಯಂ ಸಿಗುತ್ತದಲ್ಲ ಅಂತ ಯಜಮಾನರು ವಾದ ಮಾಡುತ್ತಾರೆ. ಸಿಗುತ್ತದೆ. ಜೊತೆಗೆ ಬೆಣ್ಣೆಯೂ ಉಪ್ಪೂ ಸಿಗುತ್ತದೆ. ತಿಂಗಳಿಗೊಮ್ಮೆ ಇರಲಿ.

ಉಪ್ಪಿನ ಪ್ಯಾಕೆಟ್ ಓದಿ

ಅಂಗಡಿಗಳಲ್ಲಿ ಈಗ ಸೋಡಿಯಂ ಕಡಿಮೆ ಇರುವ ಉಪ್ಪು ಅಂತ ಬರುತ್ತಿದೆ. ಅದರಲ್ಲಿ ಒಂದು ಪಾಲು ಸಾದಾ ಉಪ್ಪಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಚೀನಾದ ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ದೊಡ್ಡ ಅಧ್ಯಯನ ನಡೆದು 2021ರಲ್ಲಿ ಪ್ರಕಟವಾಯಿತು. ನಾಲ್ಕನೇ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆ ಕಂಡಿತು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇಂಥ ಉಪ್ಪು ಬಳಸಬಹುದು ಎಂದಿತು. ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಮಕ್ಕಳನ್ನು ಆ ಸಲಹೆಯಿಂದ ಹೊರಗಿಟ್ಟಿತು. ನಮ್ಮ ಮನೆಯಂಥ ಮನೆಗೆ ಈ ಉಪ್ಪು ಸಲ್ಲದು. ಒಂದೇ ಉಪ್ಪಿನ ಡಬ್ಬಿಗೆ ಎಲ್ಲರ ಕೈಯೂ ಹೋಗುತ್ತದೆ. ಯಜಮಾನರಿಗೆ ಔಷಧಿಯಾಗಿದ್ದು ಅತ್ತೆಗೆ ವಿಷವಾದೀತು. ಪ್ಯಾಕೆಟ್ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಕನ್ನಡಕ ಹಾಕಿಕೊಂಡು ಓದಿ. ಸೈಂಧವ ಲವಣದ ವಿಷಯ ಬೇರೆ. ಅದು ಹೆಚ್ಚುಪಾಲು ಸಾದಾ ಉಪ್ಪೇ. ಅದರಿಂದ ಪೊಟ್ಯಾಸಿಯಂ ಸಿಗುತ್ತದೆ ಅಂತ ಜಾಸ್ತಿ ಹಾಕಿಕೊಳ್ಳಬೇಡಿ.

ಪೊಟ್ಯಾಸಿಯಂ ಸಿರಪ್ಪು, ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತರಬೇಡಿ. ವಾಂತಿ, ಭೇದಿ ಜೋರಾಗಿ ಸುಸ್ತಾದಾಗ ಪೊಟ್ಯಾಸಿಯಂ ಇಳಿಯುತ್ತದೆ, ಕೈಕಾಲು ಸೋಲುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಆಗ ಮೊದಲು ಬೇಕಾದ್ದು ಓಆರ್‌ಎಸ್. ಅದರಲ್ಲಿ ಪೊಟ್ಯಾಸಿಯಂ ಅಳತೆಗೆ ಸರಿಯಾಗಿ ಇರುತ್ತದೆ. ಪ್ಯಾಕೆಟ್ ಮೇಲೆ ಹೇಳಿದಷ್ಟೇ ನೀರು ಹಾಕಿ.

ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರ ಒಳಗೆ ಇರಬೇಕು. ರಕ್ತ ತೆಗೆಯುವಾಗ ಮುಷ್ಟಿಯನ್ನು ಬಿಗಿಹಿಡಿದು ಬಿಟ್ಟು ಮಾಡಬೇಡಿ, ಸುಳ್ಳು ಸುಳ್ಳೇ ಜಾಸ್ತಿ ತೋರಿಸಬಹುದು. ಏರಿದ ಪೊಟ್ಯಾಸಿಯಂ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಅದಕ್ಕೇ ಕಿಡ್ನಿ ತೊಂದರೆ ಇರುವವರು ಡಾಕ್ಟರು ಹೇಳಿದ ದಿನಕ್ಕೆ ಪರೀಕ್ಷೆ ತಪ್ಪಿಸಬಾರದು. ರಿಪೋರ್ಟಿನಲ್ಲಿ 6 ದಾಟಿದ್ದರೆ, ಇಲ್ಲವೇ ಎದೆ ಡವಗುಟ್ಟಿ ಕಾಲು ಸೋಲುತ್ತಿದ್ದರೆ, ನಾಳೆ ನೋಡೋಣ ಅನ್ನಬೇಡಿ. ರಾತ್ರಿಯಾಗಿದ್ದರೂ ಸರಿ, ರಿಪೋರ್ಟು, ನುಂಗುತ್ತಿರುವ ಮಾತ್ರೆಗಳ ಚೀಟಿ ಎರಡನ್ನೂ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ.